ನುಗ್ಗೇಹಳ್ಳಿಯ ಕರಿ ಹುರುಳಿ

ಹೊಳೆನರಸೀಪುರದಿಂದ ಬೆಳಗಿನ ಏಳೂವರೆ ಬಸ್ಸಿಗೆ ಹೊರಟೆ. ಆಧಾರ್ ಕಾರ್ಡ್ ತೋರಿಸಿದ್ದಕ್ಕೆ ಕಂಡಕ್ಟರ್ ಸೊನ್ನೆ ರೂಪಾಯಿಯ ಟಿಕೆಟ್ ಹರಿದುಕೊಟ್ಟರು. ಚನ್ನರಾಯಪಟ್ಟಣದಲ್ಲಿ ಇಳಿದು ಎರಡು ಇಡ್ಲಿ ತಿಂದು ನುಗ್ಗೇಹಳ್ಳಿ ಬಸ್ಸು ಹತ್ತುವಾಗ ಬಿಸಿಲು ಚುರುಗುಟ್ಟುತ್ತಿತ್ತು. ದಾರಿಯಲ್ಲಿ ಒಂದು ಹೊಲ ಹಸಿ, ಪಕ್ಕದ್ದೇ ಒಣ. ಮಳೆ ಈ ಸಲ ಬದು ನೋಡಿಕೊಂಡು ಸುರಿದ ಹಾಗಿತ್ತು.

ಹೋಗಿದ್ದು ಜಯಮ್ಮನವರನ್ನು ನೋಡಲು. ಚಿಕ್ಕಂದಿನಲ್ಲಿ ನಾನು ಓದಿದ ಕಾನ್ವೆಂಟಿನಲ್ಲಿ ನಮ್ಮ ಆಯಾ ಆಗಿದ್ದವರು. ಈಗ ಎಪ್ಪತ್ತರ ಹತ್ತಿರ. ಒಂದೆಕರೆ ಹೊಲ ತಾವೇ ನೋಡಿಕೊಳ್ಳುತ್ತಾರೆ. ಮಾರನೆಯ ದಿನ ಹುರುಳಿ ಬಿತ್ತನೆ. ಮೊರದಲ್ಲಿ ಬೀಜ ಹರಡಿಟ್ಟು, ಟ್ರ್ಯಾಕ್ಟರಿನವನಿಗೆ ಹೇಳಿ ಬರುತ್ತೇನೆಂದು ಹೋದರು. ಸುಮ್ಮನೆ ಕೂರಲಾರದೆ, ಮನೆಯಲ್ಲಿ ಬೇಳೆ ಆರಿಸುವ ಹಾಗೆ ಆರಿಸತೊಡಗಿದೆ. ಕೆಂಪು ಕಾಳಿನ ನಡುವೆ ಸಣ್ಣ ಕರಿ ಕಾಳು ಬೇಕಾದಷ್ಟಿದ್ದವು. ರಾತ್ರಿಯಿಡೀ ನೆನೆಹಾಕಿದರೂ ಕಲ್ಲಿನಂತೆಯೇ ಉಳಿಯುವ ಕಾಳು. ಅಷ್ಟನ್ನೂ ಅಂಗಳದ ಕೋಳಿಗಳಿಗೆ ಎಸೆದೆ.

ಹಿಂತಿರುಗಿದವರು ಮೊರ ನೋಡಿದರು, ಅಂಗಳ ನೋಡಿದರು. ಬೈಯಲಿಲ್ಲ. ಕೋಳಿ ಅಟ್ಟಿ, ಮಂಡಿಯೂರಿ ಹೆಕ್ಕತೊಡಗಿದರು. ನಾನೂ ಕೂತೆ.

"ಕೆಂಪಗಿರವು ಮೊದ್ಲ ಮಳೆಗೇ ಎದ್ಬುಡ್ತವೆ ಕಣವ್ವ," ಎಂದರು. "ಆಮ್ಯಾಕೆ ಮಳೆ ಕೈಕೊಟ್ರೆ ಒಟ್ಗೇ ಒಣಗ್ತವೆ. ಈ ಕರಿಯವು ಮಣ್ಣಾಗೇ ಮಲಗಿದ್ದು ಹಿಂದ್ಲು ಮಳೆಗೆ ಏಳ್ತವೆ. ನಮ್ಮವ್ವನ ಕಾಲದಿಂದ ಬೀಜ ಉಳಿಸಿರೋವು ಅವೇಯ."

ಅವರ ತಾಯಿ ತವರಿನಿಂದ ಒಂದು ಹಿಡಿ ತಂದ ತಳಿಯಂತೆ; ಊರಲ್ಲಿ ಬೇರೆ ಯಾರ ಬಳಿಯೂ ಇಲ್ಲ. ತಪ್ಪಾಯಿತು ಎಂದೆ.

"ಕಾನ್ವೆಂಟ್ ಬುದ್ಧಿ," ಎಂದು ನಕ್ಕರು. "ಬೆಲ್ ವಡುದ್ರೆ ಎಲ್ಲಾ ಒಟ್ಗೇ ಎದ್ ಬರ್ಬೇಕು ನಿಮ್ಗೆ. ನೀನೇ ದಿನಾ ಕೊನೇಲಿ ಬತ್ತಿದ್ದೆ. ನಿನ್ನ ಯಾವ ಕೋಳಿಗೆ ಆಕಿದ್ವಿ?"

ಮಧ್ಯಾಹ್ನದವರೆಗೆ ಹೆಕ್ಕಿದರೂ ಸಿಕ್ಕಿದ್ದು ಕಾಲು ಲೋಟ. ಮುದ್ದೆ, ಉಪ್ಸಾರು ಉಂಡ ಮೇಲೆ ಅವರು ಕೆಂಪು ಕಾಳನ್ನು ಎರಡು ಪಾಲು ಮಾಡಿದರು. ಒಂದು ನಾಳೆಗೆ, ಇನ್ನೊಂದು, ಮೊದಲನೆಯದು ಒಣಗಿದರೂ ಇರಲೆಂದು, ಹದಿನೈದು ದಿನ ಬಿಟ್ಟು. ಕರಿ ಕಾಳು ತಾನೇ ಮಾಡುತ್ತಿದ್ದ ಕೆಲಸ. ಈ ಸಲ ಮುದುಕಿ ಎರಡು ಬಾರಿ ಹೊಲಕ್ಕೆ ಹೋಗಿ ಮಾಡಬೇಕು.

ಸಂಜೆ ಮನೆಗೆ ಬಂದು ಸೀರೆ ಕೊಡವಿದರೆ ನೆರಿಗೆಯಿಂದ ಏಳು ಕರಿ ಕಾಳು ಉದುರಿದವು. ಅಂಚೆಯಲ್ಲಿ ಕಳಿಸಲೇ ಎಂದು ಫೋನು ಮಾಡಿದೆ.

"ಬ್ಯಾಡ, ಅಲ್ಲೇ ಕುಂಡದಾಗೆ ಆಕು. ಇಲ್ಲಿ ಮಳೆ ಬರ್ದಿದ್ರೂ ನಿಮ್ಮೂರಾಗೆ ಬರ್ಬೌದು," ಎಂದರು. ಆಮೇಲೆ, "ತಡ ಆಯ್ತು ಅಂತ ಕೆದಕ್ ನೋಡ್ಬ್ಯಾಡ ಮತ್ತೆ."

ಹಿತ್ತಿಲ ಕುಂಡದಲ್ಲಿ ಇಂದಿಗೆ ಎರಡು ಎದ್ದಿವೆ. ಉಳಿದ ಐದನ್ನು ಕೆದಕಿಲ್ಲ.