ಹಲಗೆ ಬಡಿಯುವ ಗೆರ್ಲಿಂಡ್

ಆಲ್ಟೆನ್‌ರೋಡೆ ಕನ್ಯಾಮಠದಲ್ಲಿ ಓಡುವುದು ಪಾಪ. ಬೆಂಕಿ ಬಿದ್ದರೂ ನಡೆದುಕೊಂಡೇ ಹೋಗಬೇಕು. ಹಾಗೆ ಹೋಗಿಯೇ ಒಮ್ಮೆ ಅರ್ಧ ಅಡುಗೆಮನೆ ಸುಟ್ಟಿತ್ತು. ಗೆರ್ಲಿಂಡ್ ಮರದ ಹಲಗೆ ಬಡಿದಾಗ ಮಾತ್ರ ಎಲ್ಲರೂ ಓಡಿ ಬರಬೇಕು. ಒಳಗೆ ಯಾರೋ ಸಾಯುತ್ತಿದ್ದಾರೆಂದು ಅದರ ಅರ್ಥ. ಸಾಯುವವಳನ್ನು ಮಂಚದಿಂದಿಳಿಸಿ, ನೆಲದ ಮೇಲೆ ಬೂದಿಯಲ್ಲಿ ಶಿಲುಬೆ ಬರೆದು, ಗೋಣಿ ಹಾಸಿ ಮಲಗಿಸುತ್ತಿದ್ದರು. ಆಮೇಲೆ ಹಾಡು.

ಹಾಡು ಮಠದ ತಾಯಿ ರಿಖ್‌ಲಿಂಡರದು. ಮೂರು ದಿನ ಜ್ವರದಲ್ಲಿ ಮಲಗಿ ಎದ್ದಾಗ ಅದು ಅವರ ಬಾಯಲ್ಲಿತ್ತು. ಅದು ಏರುವ ಎತ್ತರಕ್ಕೆ ಚಾವಣಿಯ ಪಾರಿವಾಳಗಳೂ ತಲೆ ತಗ್ಗಿಸಿ ದಾರಿ ಬಿಡುತ್ತಿದ್ದವಂತೆ. ಕೊನೆಯ ಸ್ವರದೊಂದಿಗೆ ಮಲಗಿದವಳ ಉಸಿರೂ ಹೋಗುತ್ತಿತ್ತು. ಇಪ್ಪತ್ತು ವರ್ಷಗಳಲ್ಲಿ ಹನ್ನೊಂದು ಮಂದಿ, ಒಬ್ಬಳೂ ತಪ್ಪಿಸಿಕೊಂಡಿರಲಿಲ್ಲ.

ಗೆರ್ಲಿಂಡ್ ಅದನ್ನು ಬಾಗಿಲಾಚೆಯಿಂದಲೇ ಕೇಳಿದವಳು. ಓದು ಬಾರದ, ಒಲೆ ಕಾಯುವ ಸೋದರಿಗೆ ಹಾಡುವವರ ಸಾಲಿನಲ್ಲಿ ಜಾಗವೆಲ್ಲಿ? ಅವಳ ಒಡಹುಟ್ಟಿದ ತಂಗಿ ಯುಟ್ಟಳನ್ನು ಮಾತ್ರ, ಕಂಠಕ್ಕೆ ಮರುಳಾಗಿ, ತಾಯಿಯವರು ಆ ಸಾಲಿಗೆ ಸೇರಿಸಿಕೊಂಡಿದ್ದರು.

ಉಪವಾಸಕಾಲದ ಒಂದು ಮಧ್ಯಾಹ್ನ ಯುಟ್ಟ ಜ್ವರದಲ್ಲಿ ಕಣ್ಣು ಮುಚ್ಚಿದಳು. ಗೆರ್ಲಿಂಡ್ ಅವಳ ಮೂಗಿನ ಬಳಿ ಬಾತಿನ ಪುಕ್ಕ ಹಿಡಿದಳು. ಅದು ಅಲುಗಲಿಲ್ಲ. ಗಾಬರಿಯಲ್ಲಿ ಓಡಿ ಹಲಗೆ ಬಡಿದಳು. ಬೆಳಗ್ಗೆ ಅದೇ ಪುಕ್ಕದಲ್ಲಿ ರೊಟ್ಟಿಗೆ ಅಗಸೆ ಎಣ್ಣೆ ಸವರಿದ್ದು ನೆನಪಾಗುವಷ್ಟರಲ್ಲಿ ಮಠವೇ ಓಡಿ ಬಂದಿತ್ತು, ಯುಟ್ಟ ಬೂದಿಯ ಮೇಲಿದ್ದಳು.

ಯುಟ್ಟ ಕಣ್ಣು ಬಿಟ್ಟಳು. "ಅಕ್ಕಾ, ನಾನಿನ್ನೂ ಇದ್ದೀನಲ್ಲೇ!"

"ಪುಕ್ಕ ಅಲ್ಲಾಡ್ಲಿಲ್ಲ ಕಣೇ, ಎಣ್ಣೆ ಸವರಿದ್ದು ಮರ್ತೇಹೋಗಿತ್ತು..."

"ಎಣ್ಣೆ ಕುಡಿದ ಪುಕ್ಕ ಬಿರುಗಾಳಿಗೂ ಅಲ್ಲಾಡಲ್ಲ, ಪೆದ್ದಿ!"

ಯಾರೂ ನಗಲಿಲ್ಲ. ತಾಯಿ ರಿಖ್‌ಲಿಂಡರ ಮುಖ ಸುಣ್ಣವಾಗಿತ್ತು. "ಬಡಿದಾಯ್ತು, ಗೆರ್ಲಿಂಡ್. ಹಾಡದೆ ಬಿಟ್ರೆ ಕರೆದ ಸಾವು ತಾನೇ ಯಾರನ್ನೋ ಹುಡುಕ್ಕೊಂಡು ಹೋಗುತ್ತೆ. ಯಾರನ್ನ ಅಂತ ನನಗೂ ಗೊತ್ತಾಗಲ್ಲ."

ಗೆರ್ಲಿಂಡ್ ತಂಗಿಯ ಎರಡೂ ಕಾಲು ಹಿಡಿದು, ಹಿಟ್ಟಿನ ಮೂಟೆಯಂತೆ ಗೋಣಿಯಿಂದಾಚೆ ಎಳೆದಳು. ತಾನು ಮಲಗಿದಳು.

"ಹಲಗೆ ಮೇಲೆ ಹೆಸರೇನೂ ಬರೆದಿಲ್ವಲ್ಲ, ಅಮ್ಮನವರೇ."

"ಎತ್ತಿನ ಹಾಗೆ ಗಟ್ಟಿಯಾಗಿದ್ದೀಯಲ್ಲೇ ನೀನು!"

"ಎತ್ತೂ ಒಂದ್ಸಲ ಒಳಗಿಂದ ಕೇಳ್ಲಿ ಬಿಡಿ. ಬಾಗಿಲ ಸಂದೀಲಿ ಅರ್ಧ ಸ್ವರ ಗಾಳಿಗೇ ಹೋಗುತ್ತೆ."

ಯುಟ್ಟ ಕಿರುಚಿದಳು, ಇಬ್ಬರು ಹಿಡಿದುಕೊಂಡರು. ಹಾಡು ಶುರುವಾಯಿತು. ಅದು ಏರಿದಂತೆಲ್ಲ ಗೆರ್ಲಿಂಡಳ ಒರಟು ಮುಖ ಸಡಿಲವಾಗುತ್ತ ಬಂತು. ಕೊನೆಯ ಸ್ವರವನ್ನು ಬಿಡಲು ಹೆದರಿ ತಾಯಿಯವರು ಎಳೆದರು, ಇನ್ನೂ ಎಳೆದರು. ಮನುಷ್ಯರ ಉಸಿರು ಎಷ್ಟೆಂದು ಎಳೆದೀತು?

ಸ್ವರ ನಿಂತಿತು. ಯುಟ್ಟ ತೆವಳಿಕೊಂಡು ಬಂದು ಅಕ್ಕನ ಎದೆಗೆ ಕಿವಿಯಿಟ್ಟಳು. ಬಹಳ ಹೊತ್ತು ಇಟ್ಟೇ ಇದ್ದಳು. ಯುಟ್ಟಳನ್ನು ಎಬ್ಬಿಸಲು ಭುಜ ಹಿಡಿದವರಿಗೆ ಅವಳ ಮೈ ಬೆವರಿ ತಣ್ಣಗೆ ತಾಗಿತು, ಜ್ವರ ಬಿಟ್ಟಿತ್ತು. ತಾಯಿಯವರು ಬಾಗಿ ಗೆರ್ಲಿಂಡಳ ಕಣ್ಣು ಮುಚ್ಚಿದರು.