ಬಾಗಿಲು ಬಡಿದ ಸದ್ದು

ಶಹಾಬಾದಿನ ಹಳೆಯ ಕಲ್ಲು ಪಾಲಿಶ್ ಶೆಡ್ಡಿನಲ್ಲಿ ಆ ನಟಿ ತಾವೊಬ್ಬರೇ ನಿಂತು ನಾಟಕ ಆಡುತ್ತಿದ್ದರು. ಮೂವತ್ತು ಮಂದಿ ಬಂದರೆ ಶೆಡ್ಡು ತುಂಬುತ್ತಿತ್ತು. ದೀಪದ ಕೆಲಸ ನನ್ನದು. ಆಟಕ್ಕೆ ಮುಂಚೆ ಅವರು ವಾಡಿಯಿಂದ ಪ್ಯಾಸೆಂಜರ್ ಗಾಡಿಗೆ ಬಂದವರೇ ಚಪ್ಪಲಿ ಬಿಟ್ಟು ನೆಲದ ಮೇಲೆಲ್ಲ ನಡೆದಾಡುತ್ತಿದ್ದರು. ಹರಿದ ಪರದೆ, ಸೊಟ್ಟ ಕುರ್ಚಿ, ನಾನು ಏನು ಸರಿಮಾಡಲು ಹೋದರೂ, "ಹ್ಯಾಂಗ ಅದ ಹಾಂಗೇ ಇರ್ಲಿ ಬಿಡ್ರಿ" ಅನ್ನುವರು.

ನಾಟಕದಲ್ಲಿ ಒಬ್ಬ ತಾಯಿ ಮನೆ ಬಿಟ್ಟು ಹೋದ ಮಗಳಿಗಾಗಿ ಕಾಯುತ್ತಾಳೆ. ಕೊನೆಗೆ ಬಾಗಿಲು ಬಡಿದ ಸದ್ದಾಗುತ್ತದೆ, ಮಗಳು ಬಂದಳೆಂದು ತಾಯಿ ಓಡುತ್ತಾಳೆ, ನಾನು ದೀಪ ಆರಿಸುತ್ತೇನೆ. ಹೊರಗಿನಿಂದ ಯಾರೋ ಬಡಿಯುತ್ತಾರೆಂದೇ ತಿಳಿದಿದ್ದೆ.

ಒಂದು ಸಂಜೆ ಅವರು ನಡೆದಾಡಿ ಬಣ್ಣ ಹಚ್ಚಿಕೊಳ್ಳಲು ಹೋದ ಮೇಲೆ, ನೆಲಕ್ಕೆ ಹಾಸಿದ ಫರ್ಸಿಕಲ್ಲೊಂದು ಅಲುಗಾಡುವುದು ಕಂಡು, ಅವರು ಎಡವಿಯಾರೆಂದು ಹೇಳದೆ ಕೇಳದೆ ಅದರಡಿ ಮರಳು ತುಂಬಿದೆ. ಕೊನೆಯ ದೃಶ್ಯದಲ್ಲಿ ಅವರು ಆ ಕಲ್ಲನ್ನು ಹಿಮ್ಮಡಿಯಿಂದ ಒತ್ತಿದರು. ಸದ್ದಾಗಲಿಲ್ಲ. ಮತ್ತೊಮ್ಮೆ ಒತ್ತಿದರು. ಇಷ್ಟು ದಿನ ಬಾಗಿಲು ಬಡಿದದ್ದು ಆ ಕಲ್ಲೇ ಎಂದು ನನಗೆ ಆಗ ಹೊಳೆಯಿತು. ಅವರು ಮಗಳಿಗೆಂದು ಇಟ್ಟ ರೊಟ್ಟಿಯ ಮೇಲೆ ಬಟ್ಟೆ ಮುಚ್ಚಿ ಅಲ್ಲೇ ಕುಳಿತುಬಿಟ್ಟರು. ಜನ ಎದ್ದುನಿಂತು ಚಪ್ಪಾಳೆ ತಟ್ಟಿದರು.

ಆಟ ಮುಗಿದ ಮೇಲೆ ಅವರನ್ನು ಗಾಡಿ ಹತ್ತಿಸಲು ಹೋದಾಗ ಸ್ಟೇಷನ್ನಿನಲ್ಲಿ ತಪ್ಪು ಒಪ್ಪಿಕೊಂಡೆ. "ಆದ್ರೂ ಇವತ್ತಿನ ಆಟ ಭಾಳ ಛಲೋ ಆತು ಅಂತ ಎಲ್ಲಾರೂ ಅಂದ್ರು" ಎಂದೆ.

ಅವರು ಹಳಿಯ ಕಡೆ ನೋಡುತ್ತ, "ಆಟ ಛಲೋ ಆತ್ರಿ. ನನ್ನ ಮಗಳು ಬರ್ಲಿಲ್ಲ" ಎಂದರು.