ಗಡಿಬಿಡಿ ನಡೆಸಿದ ಕಣ್ಣುಪರೀಕ್ಷೆ

ನಮ್ಮ ಹೊಲಿಗೆ ಕಾರ್ಖಾನೆಯಲ್ಲಿ ಅವಳನ್ನು ಎಲ್ಲರೂ ಗಡಿಬಿಡಿ ಎಂದೇ ಕರೆಯುತ್ತಿದ್ದರು. ನಾಲ್ಕು ವರ್ಷ ಕಾಲರ್ ಹೊಲಿದು, ಮನೆಯಲ್ಲೇ ಓದಿ ಪದವಿ ಮುಗಿಸಿ, ಎಚ್‌ಆರ್ ವಿಭಾಗಕ್ಕೆ ಸಹಾಯಕಿಯಾಗಿ ಬಂದ ಮೇಲೂ ಆ ಹೆಸರು ಬೆನ್ನು ಬಿಡಲಿಲ್ಲ. ಅವಳ ಮೇಜು ಉಗ್ರಾಣದ ಪಕ್ಕದಲ್ಲಿತ್ತು. ಉಗ್ರಾಣ ನೋಡಿಕೊಳ್ಳುವವನು ನಾನು, ಹಾಗಾಗಿ ನನಗೆ ತಿಳಿಯದ್ದು ಕಡಿಮೆ.

ಅವಳಿಗೆ ಒಪ್ಪಿಸಿದ ಮೊದಲ ಕೆಲಸ ಹೊಲಿಯುವವರ ಕಣ್ಣುಪರೀಕ್ಷೆ. ಸರಿಯಾಗಿ ಕಾಣದವರನ್ನು ಮೆಷಿನ್‌ನಿಂದ ಎಬ್ಬಿಸಿ ಎಂದಿದ್ದರು ಮ್ಯಾನೇಜರ್. ಎಬ್ಬಿಸುವುದೆಂದರೆ ಮನೆಗೆ ಕಳಿಸುವುದು. ನಮ್ಮ ಗಡಿಬಿಡಿಯೋ, ಎಲ್ಲ ಅಚ್ಚುಕಟ್ಟಾಗಿರಲಿ ಎಂದು ಪರೀಕ್ಷೆಯಲ್ಲಿ ಓದಿಸುವ ಅಂಕಿಗಳ ಹಾಳೆಯನ್ನು ಒಂದು ವಾರ ಮೊದಲೇ ತಂದು ಕುಡಿಯುವ ನೀರಿನ ಪಕ್ಕದ ಗೋಡೆಗೆ ಅಂಟಿಸಿದಳು. ಆತುರಗಾರನಿಗೆ ಬುದ್ಧಿ ಮಟ್ಟ ಎಂದು ಸುಮ್ಮನೆ ಹೇಳಿದ್ದಾರೆಯೇ? ಆ ವಾರ ಹೆಂಗಸರಿಗೆಲ್ಲ ಎಲ್ಲಿಲ್ಲದ ಬಾಯಾರಿಕೆ.

ಪರೀಕ್ಷೆಯ ದಿನ ತೋರಿಸುವ ಕೋಲು ಗಡಿಬಿಡಿಯ ಕೈಯಲ್ಲಿ, ಬರೆದುಕೊಳ್ಳುವ ಕೆಲಸ ನರ್ಸಮ್ಮನದು. ಮೊದಲ ಇಪ್ಪತ್ತು ಜನ ಮೇಲಿನಿಂದ ಕೆಳಗೆ ಗಿಣಿಪಾಠ ಒಪ್ಪಿಸಿ ಪಾಸಾದರು. ಆಮೇಲೆ ಬಂದವಳು ಇವಳ ಚಿಕ್ಕಮ್ಮ. ತಾಯಿಯಿಲ್ಲದ ಇವಳನ್ನು ಸಾಕಿ, ಹೊಲಿಗೆಯ ಸಂಬಳದಲ್ಲೇ ಓದಿಸಿದವಳು. ಮನೆಯಲ್ಲಿ ಸೂಜಿಗೆ ದಾರ ಪೋಣಿಸಲು ಇವಳನ್ನೇ ಕರೆಯುತ್ತಿದ್ದಳು. ಹೋದ ತಿಂಗಳು ಮೆಷಿನ್ನಿನ ಸೂಜಿ ಬೆರಳಿಗೆ ಇಳಿದಾಗ, ಬಾಗಿಲಿಗೆ ಸಿಕ್ಕಿತು ಎಂದು ಸುಳ್ಳು ಹೇಳಿದ್ದಳು.

ಚಿಕ್ಕಮ್ಮನೂ ಪಟಪಟನೆ ಶುರುಮಾಡಿದಳು. ಗಡಿಬಿಡಿ ಅವಳ ಬೆರಳಿನ ಗಾಯದ ಗುರುತನ್ನು ನೋಡಿದಳು. ಆಮೇಲೆ ಕೋಲನ್ನು ಕೊನೆಯ ಸಾಲಿಗೆ ಇಟ್ಟಳು.

"ಇದನ್ನ ಹೇಳು, ಚಿಕ್ಕಮ್ಮ."

ಚಿಕ್ಕಮ್ಮ ಎರಡನೇ ಸಾಲನ್ನು ಒಪ್ಪಿಸಿದಳು. ಹಿಂದಿದ್ದವರು ನಕ್ಕರು.

"ಉಂಡ ಮನೆಗೇ ಎರಡು ಬಗೆದೆಯಲ್ಲೇ!" ಎಂದು ಚಿಕ್ಕಮ್ಮ ಹೊರಟುಹೋದಳು.

ಗಡಿಬಿಡಿ ಎಲ್ಲರನ್ನೂ ಮತ್ತೆ ಕರೆದು ಅಂಕಿಗಳನ್ನು ಹಿಂದುಮುಂದಾಗಿ ಕೇಳಿದಳು. ಹನ್ನೊಂದು ಜನ ಫೇಲು. ಪಟ್ಟಿ ಹಿಡಿದು ನೇರ ಮ್ಯಾನೇಜರ್ ಬಳಿಗೆ ಹೋದಳು.

"ಹಾಳೆ ಮೊದಲೇ ಅಂಟಿಸಿದ್ದು ನನ್ನ ತಪ್ಪು ಸಾರ್. ಆದ್ರೆ ಇವರಿಗೆ ಕೆಲಸ ಬರಲ್ಲ ಅಂತಲ್ಲ, ಕಾಣಲ್ಲ ಅಷ್ಟೆ. ಕನ್ನಡಕ ಕೊಡಿಸಿ."

"ಚಿಕ್ಕಮ್ಮ ಇದಾರೆ ಅಂತ ವಕಾಲತ್ತಾ?"

"ಅವರನ್ನ ಫೇಲ್ ಮಾಡಿದ್ದೂ ನಾನೇ ಸಾರ್."

ಮ್ಯಾನೇಜರ್ ಕನ್ನಡಕ ಕೊಡಿಸಲು ಒಪ್ಪಿ ಹತ್ತು ದಿನ ಕೊಟ್ಟರು. ಅಷ್ಟರಲ್ಲಿ ಕನ್ನಡಕ ಹಾಕಿಕೊಂಡು ಪಾಸಾಗದಿದ್ದರೆ ಅವರೂ ಇಲ್ಲ, ನೀನೂ ಇಲ್ಲ ಎಂದರು. ಆ ಹತ್ತು ದಿನ ಚಿಕ್ಕಮ್ಮ ಇವಳೊಡನೆ ಮಾತೇ ಆಡಲಿಲ್ಲ. ಇವಳ ಊಟದ ಡಬ್ಬಿ ಮಧ್ಯಾಹ್ನ ತೆರೆಯದೆ ಹಾಗೇ ವಾಪಸು ಹೋಗುತ್ತಿತ್ತು.

ಹತ್ತನೇ ದಿನ ಹೊಸ ಹಾಳೆ, ಯಾರೂ ನೋಡದ್ದು. ಹತ್ತು ಜನ ಓದಿದರು. ಕೊನೆಗೆ ಚಿಕ್ಕಮ್ಮ, ಮೂಗಿನ ಮೇಲೆ ಅಂದೇ ಬಂದ ಹೊಸ ಕನ್ನಡಕ. ಕೊನೆಯ ಸಾಲನ್ನು ತಡವರಿಸದೆ ಓದಿದಳು. ಆಮೇಲೆ ಕೋಲು ಹಿಡಿದವಳ ಕಡೆಗೆ ತಿರುಗಿ ನೋಡುತ್ತಲೇ ನಿಂತಳು.

"ಏನೇ ಇದು, ಕಣ್ಣೆಲ್ಲ ಗುಳಿ ಬಿದ್ದಿದೆ! ಎಷ್ಟು ದಿನದಿಂದ ಹೀಗಿದೀಯೇ?"

"ಹತ್ತು ದಿನದಿಂದ," ಎಂದ ಗಡಿಬಿಡಿ ಎಲ್ಲರೆದುರೇ ಅತ್ತುಬಿಟ್ಟಳು.